ರಾಗಿ ಮೊಳಕೆಯ ಅಮೈಲೇಸ್: ಇಳುವರಿ ಶೇ 132 ಬರುತ್ತಿದೆ, ಗೈಡ್‌ಗೆ ಏನಂತ ಹೇಳಲಿ?

ಮೊಳಕೆರಾಗಿ:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಬಯೋಕೆಮಿಸ್ಟ್ರಿ, ಕೊನೇ ಸೆಮಿಸ್ಟರ್. ಪ್ರಾಜೆಕ್ಟಿಗೆ ಮೊಳಕೆ ರಾಗಿಯ ಅಮೈಲೇಸ್ (ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಎನ್‌ಜೈಮ್) ತಗೊಂಡಿದ್ದೇನೆ. 5 ಗ್ರಾಂ ಮೊಳಕೆ ರಾಗಿ, ತಣ್ಣನೆಯ ಅಸಿಟೇಟ್ ಬಫರ್‌ನಲ್ಲಿ (ಪಿಎಚ್ 5) ಅರೆದು, ಸೆಂಟ್ರಿಫ್ಯೂಜ್ ಮಾಡಿ 45 ಮಿ.ಲೀ. ತಿಳಿ ಸಿಕ್ಕಿತು. ಅದರಲ್ಲಿನ ಪ್ರೋಟೀನನ್ನು ಅಮೋನಿಯಂ ಸಲ್ಫೇಟ್ ಹಾಕಿ ಇಳಿಸಿ, ಡಯಾಲಿಸಿಸ್ ಮಾಡಿದ (ಸಣ್ಣ ಅಣುಗಳು ಮಾತ್ರ ದಾಟುವ ಚೀಲದಲ್ಲಿಟ್ಟು ಉಪ್ಪು ತೆಗೆದ) ಮೇಲೆ 6 ಮಿ.ಲೀ.

ಅಳತೆ ಡಿಎನ್‌ಎಸ್ (ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲ) ವಿಧಾನದಲ್ಲಿ, ಸಕ್ಕರೆ ಹೆಚ್ಚಿದಷ್ಟೂ ಕೆಂಪು ಬಣ್ಣ ಹೆಚ್ಚು. ಶೇ 1ರ ಪಿಷ್ಟ 1 ಮಿ.ಲೀ., ಎನ್‌ಜೈಮ್ ಮತ್ತು ಬಫರ್ ಸೇರಿ 1 ಮಿ.ಲೀ., 37 ಡಿಗ್ರಿಯಲ್ಲಿ 30 ನಿಮಿಷ. ಆಮೇಲೆ ಡಿಎನ್‌ಎಸ್ ಹಾಕಿ ಕುದಿಯುವ ನೀರಿನಲ್ಲಿಟ್ಟು, ಒಟ್ಟು 10 ಮಿ.ಲೀ. ಮಾಡಿ 540 ನ್ಯಾನೋಮೀಟರಿನಲ್ಲಿ ಓದಿದ್ದು. ನನ್ನ ಮಾಲ್ಟೋಸ್ ಸ್ಟ್ಯಾಂಡರ್ಡ್‌ನಲ್ಲಿ 1 ಮಿ.ಗ್ರಾಂಗೆ ಓಡಿ (ಬಣ್ಣ ಎಷ್ಟು ಬೆಳಕು ಹೀರಿತು ಎಂಬ ಓದು) 0.30. ನಿಮಿಷಕ್ಕೆ 1 ಮೈಕ್ರೋಮೋಲ್ ಮಾಲ್ಟೋಸ್ ಬಂದರೆ 1 ಯೂನಿಟ್. ಪ್ರೋಟೀನ್ ಲೌರಿ ವಿಧಾನದಲ್ಲಿ.

ಕಚ್ಚಾ ಸಾರ: ಒಟ್ಟು 28 ಯೂನಿಟ್, ಪ್ರೋಟೀನ್ 180 ಮಿ.ಗ್ರಾಂ.
ಡಯಾಲಿಸಿಸ್ ನಂತರ: ಒಟ್ಟು 37 ಯೂನಿಟ್, ಪ್ರೋಟೀನ್ 9.6 ಮಿ.ಗ್ರಾಂ.

ಅಂದರೆ ಇಳುವರಿ (ಕಚ್ಚಾ ಸಾರದ ಯೂನಿಟ್‌ಗಳಲ್ಲಿ ಕೊನೆಗೆ ಉಳಿದ ಪಾಲು) ಶೇ 132, ಶುದ್ಧಿ (ಮಿ.ಗ್ರಾಂ ಪ್ರೋಟೀನಿಗೆ ಯೂನಿಟ್ ಏರಿದ್ದು) ಸುಮಾರು 25 ಪಟ್ಟು. ನಮ್ಮ ಗೈಡ್ ಟೇಬಲ್ ನೋಡಿ ನಕ್ಕು, "ಶೇ 100ಕ್ಕಿಂತ ಜಾಸ್ತಿ ಎಲ್ಲಿಂದ ಬಂತು, ನೀನೇ ಹುಡುಕು" ಅಂದರು. ಇನ್ನೊಂದು ವಿಚಿತ್ರ: ಎನ್‌ಜೈಮ್ ದುಪ್ಪಟ್ಟು ಹಾಕಿದರೆ ಓಡಿ ದುಪ್ಪಟ್ಟು ಆಗುತ್ತಿಲ್ಲ. ಕಚ್ಚಾ ಸಾರ 0.1, 0.2, 0.4, 0.8 ಮಿ.ಲೀ. ಹಾಕಿದಾಗ ಬ್ಲ್ಯಾಂಕ್ (ಎನ್‌ಜೈಮ್ ಕೆಲಸ ಮಾಡದ ಹೋಲಿಕೆ ಟ್ಯೂಬ್) ಕಳೆದು ಬಂದ ಓಡಿ 0.31, 0.58, 0.89, 1.12. ಯಂತ್ರ ಕೆಟ್ಟಿದೆಯಾ?

ಹಳೇಮೇಷ್ಟ್ರು:
ಯಂತ್ರದ ಮೇಲೆ ಆಮೇಲೆ ಅನುಮಾನ ಪಡೋಣ ಮಗು. ಮೊದಲು ನೀನೇ ಕೊಟ್ಟ ಸಂಖ್ಯೆಗಳನ್ನು ನೋಡು. 1 ಮಿ.ಲೀ. ಶೇ 1ರ ಪಿಷ್ಟ ಅಂದರೆ ಟ್ಯೂಬಿನಲ್ಲಿ ಇರುವುದು 10 ಮಿ.ಗ್ರಾಂ ಪಿಷ್ಟ. ಅಷ್ಟೂ ಒಡೆದು ಮಾಲ್ಟೋಸ್ ಆದರೂ ನೀರಿನ ಅಣು ಸೇರಿ 10.6 ಮಿ.ಗ್ರಾಂ ದಾಟುವುದಿಲ್ಲ. ಓಡಿ 0.31 ಅಂದರೆ 1 ಮಿ.ಗ್ರಾಂ, ಶೇ 10 ಆಗಲೇ ಖರ್ಚಾಗಿದೆ. ಓಡಿ 1.12 ಅಂದರೆ 3.7 ಮಿ.ಗ್ರಾಂ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುಗಿದಿದೆ.

ಕಡೆಯ ಟ್ಯೂಬಿನಲ್ಲಿ ಮೊದಲ ಐದು ನಿಮಿಷದ ವೇಗವೇ ಬೇರೆ, ಕೊನೆಯ ಐದು ನಿಮಿಷದ ವೇಗವೇ ಬೇರೆ. ಪಿಷ್ಟ ಕರಗುತ್ತಾ ಬಂದಿದೆ, ಉಳಿದಿರುವುದರಲ್ಲಿ ಕವಲು ಹೆಚ್ಚಾಗಿ ಎನ್‌ಜೈಮಿಗೆ ಕತ್ತರಿಸಲು ಜಾಗ ಕಮ್ಮಿಯಾಗಿದೆ. ನೀನು 30 ನಿಮಿಷದಿಂದ ಭಾಗಿಸಿದ್ದೀಯ. ಬಸ್ಸು ಊರು ತಲುಪಿ ನಿಂತ ಮೇಲೂ ಗಡಿಯಾರ ಓಡಿಸಿ ವೇಗ ಲೆಕ್ಕ ಹಾಕಿದ ಹಾಗಾಯಿತು.

ಒಂದು ಪ್ರಶ್ನೆ. ಟೇಬಲಿನ 28 ಯೂನಿಟ್ ಯಾವ ಟ್ಯೂಬಿನಿಂದ ಬಂತು?

ಮೊಳಕೆರಾಗಿ:
ಸರ್, ಕಚ್ಚಾ ಸಾರ 0.5 ಮಿ.ಲೀ. ಹಾಕಿದ ಟ್ಯೂಬಿನಿಂದ. ಓಡಿ 0.96. ಡಯಾಲಿಸಿಸ್ ಆದದ್ದನ್ನು 20 ಪಟ್ಟು ತೆಳು ಮಾಡಿ 0.2 ಮಿ.ಲೀ. ಹಾಕಿದ್ದು, ಓಡಿ 0.19 ಬಂತು.

ಹಳೇಮೇಷ್ಟ್ರು:
ಅಲ್ಲೇ ಇದೆ ನೋಡು ನಿನ್ನ ಶೇ 132. ಕಚ್ಚಾ ಸಾರವನ್ನು ಎನ್‌ಜೈಮ್-ಓಡಿ ಗೆರೆ ಬಾಗಿದ ಜಾಗದಲ್ಲಿ ಅಳೆದೆ, ಶುದ್ಧ ಮಾಡಿದ್ದನ್ನು ಗೆರೆ ನೇರವಿರುವ ಜಾಗದಲ್ಲಿ ಅಳೆದೆ. 0.1 ಮಿ.ಲೀ. ಟ್ಯೂಬಿನಿಂದ ಲೆಕ್ಕ ಹಾಕು: 1.03 ಮಿ.ಗ್ರಾಂ, ಅಂದರೆ 3 ಮೈಕ್ರೋಮೋಲ್, 30 ನಿಮಿಷಕ್ಕೆ. ಮಿ.ಲೀ.ಗೆ 1 ಯೂನಿಟ್ ಬರುತ್ತದೆ. ಅದೇ ಸಾರವನ್ನು 0.8 ಮಿ.ಲೀ. ಟ್ಯೂಬಿನಿಂದ ಲೆಕ್ಕ ಹಾಕಿದರೆ 0.45. ಒಂದೇ ಬಾಟಲಿ, ಎರಡು ಉತ್ತರ. 1 ಯೂನಿಟ್ ಅಂತ ಹಿಡಿದರೆ ಕಚ್ಚಾ ಸಾರದಲ್ಲಿ ಒಟ್ಟು 45 ಯೂನಿಟ್, ಇಳುವರಿ ಶೇ 82ಕ್ಕೆ ಇಳಿಯಿತು.

ಅದೂ ಕೊನೆಯ ಮಾತಲ್ಲ. 0.1ರಿಂದ 0.2ಕ್ಕೆ ಹೋದಾಗಲೇ 0.62 ಬರಬೇಕಾದಲ್ಲಿ 0.58 ಬಂದಿದೆ. ಇನ್ನೂ ಕಮ್ಮಿ ಎನ್‌ಜೈಮ್ ಹಾಕಿ, 2, 4, 6, 8, 10 ನಿಮಿಷಕ್ಕೆ ತೆಗೆದು ಗ್ರಾಫ್ ಹಾಕು. ನೇರ ಇರುವ ತುಂಡಿನ ಇಳಿಜಾರೇ ನಿನ್ನ ವೇಗ. ಪಿಷ್ಟ ಶೇ 5ರಿಂದ 10ರೊಳಗೆ ಖರ್ಚಾಗುವ ಹಾಗೆ ನೋಡಿಕೊಂಡರೆ ಕ್ಷೇಮ.

ಧಾರವಾಡದಣ್ಣ:
ಮೇಷ್ಟ್ರು ಹೇಳಿದ್ದು ಖರೇ. ಆದ್ರ ತಂಗಿ, ಬ್ಲ್ಯಾಂಕ್ ಹೆಂಗ ಮಾಡೀದಿ ಅದನ್ನ ಹೇಳಲೇ ಇಲ್ಲಲ್ಲ. ಮೊಳಕಿ ಕಾಳಿನ ಸಾರದಾಗ ಸಕ್ರಿ ಮೊದಲ ತುಂಬಿರ್ತದ. ಡಿಎನ್‌ಎಸ್‌ಗೆ ಅದು ಎನ್‌ಜೈಮ್ ಮಾಡಿದ ಸಕ್ರಿನೋ, ಕಾಳಿನಾಗ ಮೊದಲಿಂದ ಇದ್ದ ಸಕ್ರಿನೋ ಗೊತ್ತಾಗೂದಿಲ್ಲ. ಎಲ್ಲಾ ಕೆಂಪ ಮಾಡ್ತದ.

ಎಷ್ಟ ಎನ್‌ಜೈಮ್ ಹಾಕ್ತಿಯೋ ಅಷ್ಟಕ್ಕೂ ಬ್ಯಾರೆ ಬ್ಯಾರೆ ಬ್ಲ್ಯಾಂಕ್ ಬೇಕು. ಪಿಷ್ಟ, ಬಫರ್ ಹಾಕಿ, ಮೊದಲ ಡಿಎನ್‌ಎಸ್ ಹಾಕಬೇಕು, ಆಮ್ಯಾಲೆ ಎನ್‌ಜೈಮ್. ಡಿಎನ್‌ಎಸ್‌ನಾಗ ಕಾಸ್ಟಿಕ್ ಸೋಡಾ ಇರ್ತದಲ್ಲ, ಎನ್‌ಜೈಮ್ ಅಲ್ಲೇ ಸತ್ತ ಹೋಗ್ತದ. ನಮ್ಮ ಲ್ಯಾಬಿನಾಗ ಹುಡುಗ್ರು ಬರೇ ನೀರು ಮತ್ತ ಡಿಎನ್‌ಎಸ್ ಹಾಕಿ ಅದನ್ನ ಬ್ಲ್ಯಾಂಕ್ ಅಂತಾರ. ಅದು ಯಂತ್ರಕ್ಕ ಸೊನ್ನೆ ತೋರಸಲಿಕ್ಕೆ ಸಾಕು, ಲೆಕ್ಕಕ್ಕ ಸಾಕಾಗೂದಿಲ್ಲ.

ಮೊಳಕೆರಾಗಿ:
ಅಣ್ಣಾ, ಪ್ರತಿ ಪ್ರಮಾಣಕ್ಕೂ ಬ್ಲ್ಯಾಂಕ್ ಇಟ್ಟಿದ್ದೆ, ಡಿಎನ್‌ಎಸ್ ಮೊದಲು ಹಾಕಿಯೇ. ಕಚ್ಚಾ ಸಾರ 0.8 ಮಿ.ಲೀ. ಹಾಕಿದ ಬ್ಲ್ಯಾಂಕೇ 0.70 ಇತ್ತು. ಹಾಗಾಗಿ ಆ ಟ್ಯೂಬಿನ ನಿಜವಾದ ಓದು 1.82.

ಗಾಟಿಂಗನ್_ಹುಡುಗ:
1.82 ಓದನ್ನು ನಂಬಬೇಡಿ. ಓಡಿ 2 ಅಂದರೆ ನೂರು ಪಾಲು ಬೆಳಕಿನಲ್ಲಿ ಒಂದೇ ಪಾಲು ಆಚೆ ಬರುವುದು. ಕಾಲೇಜು ಲ್ಯಾಬಿನ ಸಾಧಾರಣ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಡ್ಡದಾರಿಯಲ್ಲಿ ಡಿಟೆಕ್ಟರ್ ಸೇರುವ ಬೆಳಕೇ ಆ ಒಂದು ಪಾಲನ್ನು ಹಾಳು ಮಾಡಬಹುದು. ಆಗ ಓಡಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಗೆರೆ ಇನ್ನಷ್ಟು ಬಾಗುತ್ತದೆ. 0.1ರಿಂದ 1ರ ನಡುವೆ ಇಟ್ಟುಕೊಳ್ಳಿ. ಹಾಗಾಗಿ ನಿಮ್ಮ ಗೆರೆ ಬಾಗಿದ್ದಕ್ಕೆ ಎರಡು ಕಾರಣ ಇರಬಹುದು, ಪಿಷ್ಟ ಮುಗಿದದ್ದು ಒಂದು, ಯಂತ್ರದ ಮಿತಿ ಇನ್ನೊಂದು.

ನಾನಿಲ್ಲಿ ಪ್ಲೇಟ್ ರೀಡರಿನಲ್ಲಿ ಎನ್‌ಎಡಿಎಚ್ (ಕೆಲವು ಎನ್‌ಜೈಮ್‌ಗಳು ಬಳಸುವ ಸಹಾಯಕ ಅಣು) ಅಳೆಯುತ್ತೇನೆ, 340 ನ್ಯಾನೋಮೀಟರ್. ಟ್ಯೂಬ್ ಕುದಿಸುವ ಕೆಲಸವಿಲ್ಲ, ಕಣ್ಣೆದುರೇ ಗೆರೆ ಇಳಿಯುತ್ತದೆ, ಎಲ್ಲಿವರೆಗೆ ನೇರ ಇದೆ ಅಂತ ಆಗಲೇ ಗೊತ್ತಾಗುತ್ತದೆ. ಆದರೆ ಇಲ್ಲಿ ಬರುವ ಹೊಸ ವಿದ್ಯಾರ್ಥಿಗಳು ಓಡಿಯಿಂದ ಅದರ ಪ್ರಮಾಣ ತೆಗೆಯುವ 6220 ಎಂಬ ಗುಣಾಂಕವನ್ನು ಹಾಗೇ ಹಾಕಿಬಿಡುತ್ತಾರೆ. ಅದು 1 ಸೆಂ.ಮೀ. ದಾರಿಗೆ. 96 ಗುಳಿಗಳ ಪ್ಲೇಟಿನಲ್ಲಿ 200 ಮೈಕ್ರೋಲೀಟರ್ ಹಾಕಿದರೆ ಬೆಳಕು ದಾಟುವುದು ಅರ್ಧ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಲೆಕ್ಕ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ.

ಕುಡ್ಲದ_ಬೆಂಚು:
ಎಲ್ಲರೂ ಯೂನಿಟ್ ಹಿಂದೆ ಬಿದ್ದಿದ್ದೀರಿ ಮಾರಾಯ್ರೆ, ಪ್ರೋಟೀನ್ ಯಾರೂ ನೋಡಲಿಲ್ಲ. ರಾಗಿಯಲ್ಲಿ ಪ್ರೋಟೀನ್ ಇರುವುದೇ ಶೇ 7ರ ಆಸುಪಾಸು. 5 ಗ್ರಾಂ ರಾಗಿಯಲ್ಲಿ ಹೆಚ್ಚೆಂದರೆ 350 ಮಿ.ಗ್ರಾಂ. ಅದರಲ್ಲಿ 180 ಮಿ.ಗ್ರಾಂ, ಅರ್ಧಕ್ಕಿಂತ ಹೆಚ್ಚು, ಬರೀ ಅಸಿಟೇಟ್ ಬಫರಿಗೆ ಇಳಿಯಿತು ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಧಾನ್ಯದ ಪ್ರೋಟೀನಿನಲ್ಲಿ ದೊಡ್ಡ ಪಾಲು ನೀರಿಗೂ ಉಪ್ಪುನೀರಿಗೂ ಜಗ್ಗದ ಜಾತಿಯದ್ದು.

ನನ್ನ ಅನುಮಾನ ಲೌರಿಯ ಮೇಲೆ. ಕಂದು ರಾಗಿಯ ಸಿಪ್ಪೆಯಲ್ಲಿ ಪಾಲಿಫೀನಾಲ್ ಧಾರಾಳ. ಲೌರಿ 1951ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ನೀಲಿ ಬಣ್ಣ ಕೊಡುವುದು ಫೋಲಿನ್ ದ್ರಾವಣ. ಅದೇ ಫೋಲಿನ್ ದ್ರಾವಣ ಹಾಕಿ ಪಕ್ಕದ ಬೆಂಚಿನವರು ಒಟ್ಟು ಫೀನಾಲ್ ಅಳೆಯುತ್ತಾರೆ! ಅಂದಮೇಲೆ ಕಚ್ಚಾ ಸಾರದಲ್ಲಿ ನೀವು ಅಳೆದದ್ದು ಪ್ರೋಟೀನ್ ಎಷ್ಟು, ಫೀನಾಲ್ ಎಷ್ಟು? ಡಯಾಲಿಸಿಸ್ ಮಾಡಿದಾಗ ಸಣ್ಣ ಫೀನಾಲ್‌ಗಳು ಚೀಲದಿಂದ ಆಚೆ ಹೋದವು, "ಪ್ರೋಟೀನ್" ದಿಢೀರ್ ಕಮ್ಮಿಯಾಯಿತು, ಶುದ್ಧಿ 25 ಪಟ್ಟು ಅಂತ ಬಂತು. ಬರೀ ಅಮೋನಿಯಂ ಸಲ್ಫೇಟ್ ಒಂದೇ ಹೆಜ್ಜೆಗೆ 25 ಪಟ್ಟು ಅಂದರೆ ಯಾವ ಪರೀಕ್ಷಕರೂ ಒಪ್ಪಲಿಕ್ಕಿಲ್ಲ. ಬ್ರಾಡ್‌ಫರ್ಡ್ (ಪ್ರೋಟೀನಿಗೆ ಅಂಟುವ ನೀಲಿ ಬಣ್ಣದಿಂದ ಅಳೆಯುವ ವಿಧಾನ) ಮಾಡಿ ನೋಡಿ.

ಧಾರವಾಡದಣ್ಣ:
ಬ್ರಾಡ್‌ಫರ್ಡ್ ಅಂದ್ರ ಎಲ್ಲಾ ರೋಗಕ್ಕೂ ಮದ್ದು ಅಂತ ತಿಳಕೋಬ್ಯಾಡ್ರಿ. ಅದರ ನೀಲಿ ಬಣ್ಣ ಹಿಡಿಯೋದು ಮುಖ್ಯವಾಗಿ ಆರ್ಜಿನಿನ್ ಅನ್ನೋ ಅಮೈನೋ ಆಮ್ಲಕ್ಕ, ಸಣ್ಣ ಪೆಪ್ಟೈಡ್ ಅಂದ್ರ ಅದಕ್ಕ ಕಾಣೂದಿಲ್ಲ. ಮೊಳಕಿ ಬರೋ ಹೊತ್ತಿಗೆ ಪ್ರೋಟೀನ್ ಕತ್ತರಿಸೋ ಪ್ರೋಟಿಯೇಸ್ ಎನ್‌ಜೈಮ್ ಎದ್ದು ಕಾಳಿನ ಪ್ರೋಟೀನೆಲ್ಲಾ ತುಂಡ ತುಂಡ ಆಗಿರ್ತದ. ಲೌರಿ ಹೆಚ್ಚ ತೋರಸ್ತದ, ಬ್ರಾಡ್‌ಫರ್ಡ್ ಕಡಿಮಿ ತೋರಸ್ತದ. ಅಲ್ಬುಮಿನ್ ಸ್ಟ್ಯಾಂಡರ್ಡ್ ಇಟ್ಟರ ಒಂದು ಉತ್ತರ, ಗ್ಲಾಬ್ಯುಲಿನ್ ಇಟ್ಟರ ಮತ್ತೊಂದು.

ಕುಡ್ಲದ_ಬೆಂಚು:
ಎನ್‌ಜೈಮ್ ಶುದ್ಧಿಗೆ ಆ ಪೆಪ್ಟೈಡ್ ಚೂರು ಕಟ್ಟಿಕೊಂಡು ಏನು ಮಾಡುವುದು? ಪ್ರೋಟೀನ್ ಆಗಿ ಉಳಿದದ್ದು ಗೊತ್ತಾದರೆ ಸಾಕಲ್ಲವಾ.

ಧಾರವಾಡದಣ್ಣ:
ಹಂಗಿದ್ರ ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ಹಾಕಿ ಪ್ರೋಟೀನ್ ಇಳಿಸಿ, ಮ್ಯಾಲಿನ ನೀರು ಚೆಲ್ಲಿ, ಕೆಳಗ ಕುಂತದ್ದನ್ನ ಕಾಸ್ಟಿಕ್‌ನಾಗ ಕರಗಿಸಿ ಅದಕ್ಕ ಲೌರಿ ಮಾಡ್ರಿ. ಫೀನಾಲ್ ಬಹಳಷ್ಟು ಹೋಗ್ತದ, ಸಕ್ರಿ ಹೋಗ್ತದ, ಅಮೋನಿಯಂ ಸಲ್ಫೇಟೂ ಹೋಗ್ತದ. ಒಂದ ತಾಸಿನ ಕೆಲಸ. ಬ್ರಾಡ್‌ಫರ್ಡ್ ಜೋಡಿನೂ ಹೋಲಿಸಿ ನೋಡ್ರಿ, ನಮ್ಮ ಜಗಳ ಅಲ್ಲೇ ಮುಗೀತದ.

ಮೊಳಕೆರಾಗಿ:
ಎರಡೂ ಮಾಡುತ್ತೇನೆ. ಇನ್ನೊಂದು ಸಂಶಯ. ರಾಗಿಯಲ್ಲಿ ಅಮೈಲೇಸ್ ತಡೆಯುವ ಪ್ರೋಟೀನ್ ಇದೆ ಅಂತ ನನ್ನ ಗೆಳತಿ ಹೇಳಿದಳು. ಕಚ್ಚಾ ಸಾರದಲ್ಲಿ ಅದು ಎನ್‌ಜೈಮನ್ನು ಹಿಡಿದಿಟ್ಟುಕೊಂಡು, ಶುದ್ಧಿಯಾದಾಗ ಬಿಟ್ಟುಕೊಟ್ಟಿರಬಹುದಾ? ಶೇ 132ಕ್ಕೆ ಅದೂ ಕಾರಣ ಆಗಬಹುದಲ್ಲ?

ಹಳೇಮೇಷ್ಟ್ರು:
ಒಳ್ಳೆಯ ಪ್ರಶ್ನೆ, ಗೆಳತಿಗೆ ಒಂದು ಕಾಫಿ ಕೊಡಿಸು. ರಾಗಿಯ ಆ ಪ್ರೋಟೀನು ಬಹಳ ಹೆಸರುವಾಸಿ, ಅದೂ ನಮ್ಮ ಮಣಿಪಾಲದ ಕೆಲಸ. ಕಸ್ತೂರಬಾ ಮೆಡಿಕಲ್ ಕಾಲೇಜಿನ ಬಯೋಕೆಮಿಸ್ಟ್ರಿ ವಿಭಾಗದ ಶಿವರಾಜ್ ಮತ್ತು ಪಟ್ಟಾಭಿರಾಮನ್ 1981ರಲ್ಲಿ ಅದರ ಗುಣಲಕ್ಷಣ ಪ್ರಕಟಿಸಿದರು. ಒಂದೇ ಪ್ರೋಟೀನು, ಒಂದು ಕಡೆಯಿಂದ ಅಮೈಲೇಸ್, ಇನ್ನೊಂದು ಕಡೆಯಿಂದ ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಎರಡನ್ನೂ ಹಿಡಿಯುತ್ತದೆ. ಬರೀ 122 ಅಮೈನೋ ಆಮ್ಲಗಳ ಪುಟ್ಟ ವಸ್ತು. ಹಿಟ್ಟಿನ ಹುಳುವಿನ ಅಮೈಲೇಸ್ ಜೊತೆ ಅದು ಹೇಗೆ ಕೂರುತ್ತದೆ ಎಂಬ ರಚನೆಯನ್ನೂ 1998ರಲ್ಲಿ ಬಿಡಿಸಿದ್ದಾರೆ.

ಆದರೆ ಅದು ಹಿಡಿಯುವುದಕ್ಕೆ ಹೆಸರಾಗಿರುವುದು ಪ್ರಾಣಿಗಳ ಜೊಲ್ಲು, ಮೇದೋಜೀರಕ ಗ್ರಂಥಿಯ ಅಮೈಲೇಸ್ ಮತ್ತು ಹುಳುಗಳ ಅಮೈಲೇಸ್. ಕಾಳು ತಿನ್ನಲು ಬರುವವರ ಹೊಟ್ಟೆ ಕೆಡಿಸುವ ಏರ್ಪಾಡು. ನಿನ್ನ ಎನ್‌ಜೈಮ್ ರಾಗಿಯದ್ದೇ. ಊಹೆ ಮಾಡುತ್ತಾ ಕೂರಬೇಡ, ಅಳೆದುಬಿಡು. ಕಚ್ಚಾ ಸಾರ ಒಂದು ಟ್ಯೂಬ್, ಶುದ್ಧ ಮಾಡಿದ್ದು ಒಂದು ಟ್ಯೂಬ್, ಎರಡೂ ಸೇರಿಸಿದ್ದು ಒಂದು ಟ್ಯೂಬ್. ಮೂರನೆಯದು ಮೊದಲೆರಡರ ಮೊತ್ತಕ್ಕೆ ಸಮ ಬಂದರೆ ತಡೆ ಇಲ್ಲ. ಕಮ್ಮಿ ಬಂದರೆ ಕಚ್ಚಾ ಸಾರದಲ್ಲಿ ಏನೋ ಕೂತಿದೆ. ಮೂರೂ ಟ್ಯೂಬ್ ನೇರ ಗೆರೆಯ ಒಳಗೇ ಇರಬೇಕು ಅನ್ನುವುದನ್ನು ಮರೆತರೆ ಇಲ್ಲದ ತಡೆಯನ್ನೂ ಕಂಡುಹಿಡಿದುಬಿಡುತ್ತೀಯ.

ದಾವಣಗೆರೆ_ಲ್ಯಾಬ್:
ನಾನು ಕ್ಲಿನಿಕಲ್ ಲ್ಯಾಬ್ ಟೆಕ್ನಿಷಿಯನ್. ನೀವೆಲ್ಲ ಇನ್ನೂ ಡಿಎನ್‌ಎಸ್ ಕುದಿಸುತ್ತಿದ್ದೀರಾ ಅಂತ ಆಶ್ಚರ್ಯ. ನಮ್ಮಲ್ಲಿ ಸೀರಂ ಅಮೈಲೇಸ್‌ಗೆ ಪಿಷ್ಟವೇ ಇಲ್ಲ. ಮೂರು ಗ್ಲೂಕೋಸ್ ಕೊಂಡಿಗೆ ಕ್ಲೋರೋನೈಟ್ರೋಫೀನಾಲ್ ಅಂಟಿಸಿದ ಸಬ್‌ಸ್ಟ್ರೇಟ್ (ಎನ್‌ಜೈಮ್ ಒಡೆಯುವ ವಸ್ತು) ಬರುತ್ತದೆ. ಅಮೈಲೇಸ್ ಅದನ್ನು ಬಿಡಿಸಿದ ತಕ್ಷಣ ಹಳದಿ, 405 ನ್ಯಾನೋಮೀಟರಿನಲ್ಲಿ ನಿಮಿಷ ನಿಮಿಷಕ್ಕೂ ಏರುತ್ತದೆ. ರೋಗಿಯ ಸಕ್ಕರೆ 400 ಇದ್ದರೂ ಏನೂ ತೊಂದರೆ ಇಲ್ಲ. ಡಿಎನ್‌ಎಸ್ ಇದ್ದಿದ್ದರೆ ಆ ಸಕ್ಕರೆಯೇ ಎಲ್ಲ ಮುಳುಗಿಸುತ್ತಿತ್ತು.

ಒಂದು ಎಚ್ಚರಿಕೆ. ಅಮೈಲೇಸ್‌ಗೆ ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂ ಹಿಡಿದುಬಿಡುವ ಇಡಿಟಿಎ ಟ್ಯೂಬಿನ, ಅಂದರೆ ನೇರಳೆ ಮುಚ್ಚಳದ ರಕ್ತದಲ್ಲಿ ಅಮೈಲೇಸ್ ಮಾಡಿದರೆ ಕಮ್ಮಿ ಬರುತ್ತದೆ. ಆಲ್ಕಲೈನ್ ಫಾಸ್ಫಟೇಸ್‌ಗೂ ಹಾಗೇ, ಅದಕ್ಕೆ ಸತು, ಮೆಗ್ನೀಸಿಯಂ. ನಿಮ್ಮ ಬಫರಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ್ದೀರಾ ಮೇಡಂ? ಡಯಾಲಿಸಿಸ್ ಬಫರಿನಲ್ಲೂ ಬೇಕು. ಇನ್ನೊಂದು, ಪಿಪೆಟ್ ಬಾಯಲ್ಲಿ ಎಳೆಯುವ ಅಭ್ಯಾಸ ಯಾರಿಗಾದರೂ ಉಳಿದಿದ್ದರೆ ಬಿಡಿ. ಆರೋಗ್ಯದ ಮಾತು ಹಾಗಿರಲಿ, ಜೊಲ್ಲಿನ ಒಂದು ಹನಿಯಲ್ಲಿ ಇರುವ ಅಮೈಲೇಸ್ ನಿಮ್ಮ ಬ್ಲ್ಯಾಂಕನ್ನೇ ತಿಂದುಹಾಕುತ್ತದೆ.

ಮೊಳಕೆರಾಗಿ:
ಕ್ಯಾಲ್ಸಿಯಂ ಎರಡರಲ್ಲೂ ಇದೆ ಸರ್. ಆ ಸಬ್‌ಸ್ಟ್ರೇಟ್ ನಮ್ಮ ಕಾಲೇಜಿನ ಬಜೆಟ್ಟಿಗೆ ನಿಲುಕುವುದಿಲ್ಲ.

ಹಳೇಮೇಷ್ಟ್ರು:
ಡಿಎನ್‌ಎಸ್ ಮೇಲೆ ಅಷ್ಟೊಂದು ತಾತ್ಸಾರ ಬೇಡಪ್ಪ. ಅದು ಹುಟ್ಟಿದ್ದೇ ನಿಮ್ಮ ಜಾತಿಯ ಲ್ಯಾಬಿಗೆ. ಜೇಮ್ಸ್ ಸಮ್ನರ್ 1921ರಲ್ಲಿ ಮೂತ್ರದ ಸಕ್ಕರೆ ಅಳೆಯಲು ಅದನ್ನು ಬಳಕೆಗೆ ತಂದರು. ಹದಿನೇಳರ ವಯಸ್ಸಿನಲ್ಲಿ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡ ಮನುಷ್ಯ. ಅವರೇ 1926ರಲ್ಲಿ ಜ್ಯಾಕ್ ಬೀನ್ ಕಾಳಿನಿಂದ ಯೂರಿಯೇಸ್ ಎನ್‌ಜೈಮಿನ ಹರಳು ತೆಗೆದು, ಎನ್‌ಜೈಮ್ ಅಂದರೆ ಪ್ರೋಟೀನ್ ಅಂತ ತೋರಿಸಿದ್ದು. ಬಹಳ ಮಂದಿ ಒಪ್ಪಲಿಲ್ಲ. ನೊಬೆಲ್ ಬಂದದ್ದು 1946ರಲ್ಲಿ. ಈಗ ಎಲ್ಲರೂ ಬಳಸುವ ಡಿಎನ್‌ಎಸ್ ಪಾಕ 1959ರಲ್ಲಿ ಮಿಲ್ಲರ್ ಹದಗೊಳಿಸಿದ್ದು.

ಅದರ ದೋಷಗಳೂ ಗೊತ್ತಿರಬೇಕು. ಒಂದು ಅಣು ಗ್ಲೂಕೋಸಿಗಿಂತ ಒಂದು ಅಣು ಮಾಲ್ಟೋಸ್ ಹೆಚ್ಚು ಬಣ್ಣ ಕೊಡುತ್ತದೆ. ಇಬ್ಬರಿಗೂ ಅಪಕರ್ಷಕ ತುದಿ ಇರುವುದು ಒಂದೇ, ಆದರೂ. ಕುದಿಯುವ ಕ್ಷಾರದಲ್ಲಿ ಸರಪಳಿ ತುದಿಯಿಂದ ಬಿಚ್ಚಿಕೊಳ್ಳುತ್ತಾ ಹೋಗುವುದೇ ಕಾರಣ. ಅಮೈಲೇಸಿಗೆ ಗ್ಲೂಕೋಸ್ ಸ್ಟ್ಯಾಂಡರ್ಡ್ ಹಾಕಿದವರ ಯೂನಿಟ್ಟಿಗೂ ಮಾಲ್ಟೋಸ್ ಹಾಕಿದವರ ಯೂನಿಟ್ಟಿಗೂ ತಾಳೆಯಾಗುವುದಿಲ್ಲ. ಸಕ್ಕರೆ ತೀರಾ ಕಮ್ಮಿ ಇದ್ದಾಗ ಬಣ್ಣ ಸರಿಯಾಗಿ ಏಳುವುದೂ ಇಲ್ಲ, ಹಾಗಾಗಿ ಸ್ಟ್ಯಾಂಡರ್ಡ್ ಗೆರೆ ಸೊನ್ನೆಯಿಂದ ಹೊರಡದೆ ಅಕ್ಷವನ್ನು ಸ್ವಲ್ಪ ಬಲಕ್ಕೆ ಮುಟ್ಟುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ಬಲವಂತವಾಗಿ ಸೊನ್ನೆಗೆ ಎಳೆಯಬೇಡ ಮಗು. ನೀನು ಈಗ ಕಮ್ಮಿ ಎನ್‌ಜೈಮ್, ಕಮ್ಮಿ ಸಮಯಕ್ಕೆ ಹೋಗುತ್ತಿದ್ದೀಯ, ಪೆಟ್ಟು ಬೀಳುವುದು ಅಲ್ಲೇ. ಎಲ್ಲ ಟ್ಯೂಬಿಗೂ, ಬ್ಲ್ಯಾಂಕಿಗೂ ಸೇರಿಸಿ, ಒಂದೇ ಅಳತೆಯ ಸ್ವಲ್ಪ ಮಾಲ್ಟೋಸ್ ಮೊದಲೇ ಹಾಕಿಟ್ಟರೆ ಆ ಮೊಂಡು ಭಾಗವನ್ನು ದಾಟಿಬಿಡಬಹುದು.

ನಂದಿನಿಹಾಲು_ಅಲ್ಲ:
ಹೆಸರು ನೋಡಿ ನಗಬೇಡಿ, ಡೇರಿ ಲ್ಯಾಬಿನಲ್ಲಿ ಇದ್ದವನು. ಎಲ್ಲರೂ ಎನ್‌ಜೈಮ್ ಎಷ್ಟಿದೆ ಅಂತ ಹುಡುಕುತ್ತಿದ್ದೀರಿ, ನಮಗೆ ಎನ್‌ಜೈಮ್ ಇಲ್ಲ ಅಂತ ಬರಬೇಕು. ಹಸಿ ಹಾಲಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಇರುತ್ತದೆ. 72 ಡಿಗ್ರಿ 15 ಸೆಕೆಂಡ್, ಇಲ್ಲವೇ 63 ಡಿಗ್ರಿ 30 ನಿಮಿಷ ಕಾಸಿದರೆ ಸಾಯುತ್ತದೆ. ಹಾಲಿನಲ್ಲಿ ಬರುವ ರೋಗಾಣುಗಳಿಗಿಂತ ಅದು ಸ್ವಲ್ಪ ಗಟ್ಟಿ, ಆದ್ದರಿಂದ ಅದು ಸತ್ತಿದ್ದರೆ ಅವೂ ಸತ್ತಿವೆ ಅಂತ ಲೆಕ್ಕ. ನೈಟ್ರೋಫಿನೈಲ್ ಫಾಸ್ಫೇಟ್ ಹಾಕಿ ಕಾವಿನಲ್ಲಿಟ್ಟರೆ ಹಳದಿ ಬಂತೋ ಇಲ್ಲವೋ ನೋಡುವುದು. ಈ ಹಳದಿ ಪರೀಕ್ಷೆ 1949ರದ್ದು.

ಇಲ್ಲಿಗೆ ಸಂಬಂಧ ಏನೆಂದರೆ, ಹಾಲೇ ಬಿಳಿ. ಹಳದಿ ಕಾಣುವುದಕ್ಕೆ ಅದೇ ಹಾಲನ್ನು ಕುದಿಸಿ ಎನ್‌ಜೈಮ್ ಸಾಯಿಸಿದ್ದನ್ನು ಪಕ್ಕದಲ್ಲಿ ಇಡಲೇಬೇಕು. ಬ್ಲ್ಯಾಂಕ್ ಇಲ್ಲದಿದ್ದರೆ ನಮ್ಮ ಪರೀಕ್ಷೆಗೆ ಅರ್ಥವೇ ಇಲ್ಲ. ಕ್ರೀಮ್ ಜಾಸ್ತಿ ಇರುವ ಸರಕಿನಲ್ಲಿ, ಹೆಚ್ಚು ಕಾಸಿ ಇಟ್ಟಿದ್ದರೂ, ಕೆಲವೊಮ್ಮೆ ಸತ್ತ ಫಾಸ್ಫಟೇಸ್ ಶೇಖರಣೆಯಲ್ಲಿ ಎದ್ದು ಕೂರುತ್ತದೆ. ಆಗ ಶುರುವಾಗುವ ಗಲಾಟೆ ಬೇರೆಯದೇ ಕಥೆ.

ಪಿಎಚ್‌ಡಿ_ಪೀಡೆ:
ನನ್ನದೊಂದು ತಲೆಹರಟೆ. ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ "ಎನ್‌ಜೈಮಿನ ಅತ್ಯುತ್ತಮ ಉಷ್ಣತೆ 60 ಡಿಗ್ರಿ" ಅಂತ ಒಂದು ಗುಡ್ಡದಾಕಾರದ ಗ್ರಾಫ್ ಇರುತ್ತದೆ. ಎಷ್ಟು ನಿಮಿಷ ಇಟ್ಟು ಅಳೆದದ್ದು ಅಂತ ಕೇಳಿದರೆ ಉತ್ತರ ಇರುವುದಿಲ್ಲ. 5 ನಿಮಿಷ ಇಟ್ಟರೆ ಗುಡ್ಡದ ತುದಿ ಒಂದು ಕಡೆ, ಒಂದು ಗಂಟೆ ಇಟ್ಟರೆ ತುದಿ ಎಡಕ್ಕೆ ಸರಿಯುತ್ತದೆ. ಬಿಸಿಗೆ ವೇಗ ಹೆಚ್ಚುವುದೂ ಎನ್‌ಜೈಮ್ ಕೆಡುವುದೂ ಒಟ್ಟಿಗೇ ನಡೆಯುತ್ತಿರುತ್ತವೆ. ನಿಮ್ಮ ಪ್ರಾಜೆಕ್ಟಿನಲ್ಲಿ ಆ ಗ್ರಾಫ್ ಇದ್ದರೆ ಸಮಯವನ್ನೂ ಬರೆಯಿರಿ, ಸಾಧ್ಯವಾದರೆ ಎನ್‌ಜೈಮನ್ನು ಮಾತ್ರ ಬಿಸಿಯಲ್ಲಿಟ್ಟು ಆಗಾಗ ತೆಗೆದು 37ರಲ್ಲಿ ಅಳೆದು ಎಷ್ಟು ಉಳಿದಿದೆ ಅಂತ ತೋರಿಸಿ.

ಜೊತೆಗೆ ಕೆಎಂ (ವೇಗ ಗರಿಷ್ಠದ ಅರ್ಧಕ್ಕೆ ಬರಲು ಬೇಕಾದ ಪಿಷ್ಟದ ಪ್ರಮಾಣ) ಲೆಕ್ಕ. ಪಿಷ್ಟಕ್ಕೆ ನಿರ್ದಿಷ್ಟ ಅಣುತೂಕ ಇಲ್ಲ, ಮಿಲಿಮೋಲಾರ್‌ನಲ್ಲಿ ಬರೆಯಬೇಡಿ, ಮಿ.ಲೀ.ಗೆ ಇಷ್ಟು ಮಿ.ಗ್ರಾಂ ಅಂತ ಬರೆಯಿರಿ. ಲೈನ್‌ವೀವರ್-ಬರ್ಕ್ ಗ್ರಾಫ್ (ವೇಗ, ಪಿಷ್ಟ ಎರಡನ್ನೂ ತಲೆಕೆಳಗು ಮಾಡಿ ಎಳೆಯುವ ನೇರ ಗೆರೆ) ದಯವಿಟ್ಟು ಬೇಡ. ಪಿಷ್ಟ ಕಮ್ಮಿ ಇರುವ ಬಿಂದುಗಳಲ್ಲೇ ತಪ್ಪು ಹೆಚ್ಚು, ತಲೆಕೆಳಗು ಮಾಡಿದಾಗ ಅವೇ ದೂರ ಹೋಗಿ ಕೂತು ಇಡೀ ಗೆರೆಯನ್ನು ತಮ್ಮ ಕಡೆ ಎಳೆಯುತ್ತವೆ.

ಮೊಳಕೆರಾಗಿ:
ವೈವಾದಲ್ಲಿ ಹೊರಗಿನ ಪರೀಕ್ಷಕರು ಲೈನ್‌ವೀವರ್-ಬರ್ಕ್ ಕೇಳಿಯೇ ಕೇಳುತ್ತಾರಂತೆ. ಏನು ಮಾಡಲಿ?

ಪಿಎಚ್‌ಡಿ_ಪೀಡೆ:
ಚಿತ್ರಕ್ಕೆ ಅದನ್ನು ಹಾಕಿ, ಸಂಖ್ಯೆಯನ್ನು ನೇರವಾಗಿ ಬಾಗಿದ ರೇಖೆಗೆ ಹೊಂದಿಸಿ ತೆಗೆಯಿರಿ. ಎಕ್ಸೆಲ್‌ನ ಸಾಲ್ವರ್ ಸಾಕು. ಹೇಗೆ ತೆಗೆದಿರಿ ಅಂತ ಕೆಳಗೆ ಬರೆದರೆ ಯಾರೂ ಬೇಡ ಅನ್ನುವುದಿಲ್ಲ.

ಹಳೇಮೇಷ್ಟ್ರು:
1934ರ ಗ್ರಾಫ್ ಅದು. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಅಳತೆಪಟ್ಟಿ ಇಟ್ಟು ಎಳೆಯಲು ಮಾಡಿದ್ದು, ಅದಕ್ಕೆ ಬೈಯುವುದು ಬೇಡ.

ಸಬ್‌ಸ್ಟ್ರೇಟ್ ಪ್ರಮಾಣಕ್ಕೂ ಎನ್‌ಜೈಮಿನ ವೇಗಕ್ಕೂ ನಂಟು ಹೇಳುವ ಮೂಲ ಸಮೀಕರಣದ ಕಥೆ ನಿನಗೆ ಇನ್ನೂ ಹತ್ತಿರದ್ದು. ವಿಕ್ಟರ್ ಹೆನ್ರಿ ಅನ್ನುವವರು 1903ರಲ್ಲೇ ಹೆಚ್ಚುಕಮ್ಮಿ ಅದೇ ಸಮೀಕರಣ ಬರೆದಿದ್ದರು. ಸಕ್ಕರೆಯನ್ನು ಇನ್ವರ್ಟೇಸ್ ಒಡೆಯುವುದನ್ನು, ದ್ರಾವಣ ಬೆಳಕನ್ನು ತಿರುಗಿಸುವ ಕೋನ ಅಳೆಯುವ ಪೋಲಾರಿಮೀಟರಿನಲ್ಲಿ ನೋಡುತ್ತಿದ್ದರು. ಆದರೆ ಪಿಎಚ್ ಎಂಬ ಅಳತೆಯೇ ಆಗ ಇರಲಿಲ್ಲ, ಸೋರೆನ್ಸನ್ ಅದನ್ನು ತಂದದ್ದು 1909ರಲ್ಲಿ. ಇನ್ನೊಂದು ಸೂಕ್ಷ್ಮ: ಸಕ್ಕರೆ ಒಡೆದಾಗ ಹೊರಬೀಳುವ ಗ್ಲೂಕೋಸ್ ಮೊದಲು ಒಂದೇ ರೂಪದಲ್ಲಿರುತ್ತದೆ, ನಿಧಾನವಾಗಿ ಎರಡು ರೂಪಗಳ ಮಿಶ್ರಣವಾಗುತ್ತದೆ, ಅಷ್ಟು ಹೊತ್ತೂ ಬೆಳಕನ್ನು ತಿರುಗಿಸುವ ಕೋನ ಬದಲಾಗುತ್ತಲೇ ಇರುತ್ತದೆ. ಪ್ರತಿಕ್ರಿಯೆ ಎಷ್ಟು ನಡೆದಿದೆ ಅನ್ನುವುದೂ ಗ್ಲೂಕೋಸ್ ರೂಪ ಬದಲಿಸುವುದೂ ಒಂದೇ ಓದಿನಲ್ಲಿ ಕಲೆತುಹೋಗುತ್ತದೆ.

1913ರಲ್ಲಿ ಬರ್ಲಿನ್ನಿನಲ್ಲಿ ಲಿಯೊನೋರ್ ಮೈಕೇಲಿಸ್, ಕೆನಡಾದಿಂದ ಬಂದಿದ್ದ ಮಾಡ್ ಮೆಂಟೆನ್ ಸೇರಿ ಮಾಡಿದ್ದು ಮುಖ್ಯವಾಗಿ ಇದನ್ನು ಸರಿಪಡಿಸುವ ಕೆಲಸ. ಬಫರ್ ಹಾಕಿ ಪಿಎಚ್ ಕಟ್ಟಿಹಾಕಿದರು. ಆಗಾಗ ಮಾದರಿ ತೆಗೆದು ಕ್ಷಾರ ಹಾಕಿ ಎನ್‌ಜೈಮ್ ನಿಲ್ಲಿಸಿದರು. ಅದೇ ಕ್ಷಾರ ಗ್ಲೂಕೋಸಿನ ರೂಪಾಂತರವನ್ನೂ ಬೇಗ ಮುಗಿಸಿಬಿಡುತ್ತದೆ, ಆಮೇಲೆ ಓದಿದರು. ಶುರುವಿನ ವೇಗವನ್ನೇ ಹಿಡಿದು ಲೆಕ್ಕ ಕಟ್ಟಿದರು. ಅವರ ಹೆಸರು ಉಳಿದದ್ದು ಬೀಜಗಣಿತಕ್ಕಿಂತ ಹೆಚ್ಚಾಗಿ ಬೆಂಚಿನ ಕೆಲಸದಿಂದ ಅಂತ ನನ್ನ ಅಭಿಪ್ರಾಯ. ಜರ್ಮನ್ ಭಾಷೆಯ ಆ ಪ್ರಬಂಧ 2011ರಲ್ಲಿ ಪೂರ್ತಿಯಾಗಿ ಇಂಗ್ಲಿಷಿಗೆ ಬಂದಿದೆ, ಓದು. ವೈವಾದಲ್ಲಿ ಯಾರಾದರೂ ಕೆಣಕಿದರೆ ಮರುಪ್ರಶ್ನೆ ಕೇಳಬಹುದು.

ಕುಡ್ಲದ_ಬೆಂಚು:
ಮೇಷ್ಟ್ರೇ, ಮಕ್ಕಳಿಗೆ ಪರೀಕ್ಷಕರ ಹತ್ತಿರ ಜಗಳ ಆಡಲು ಹೇಳಿಕೊಡಬೇಡಿ.

ಮೊಳಕೆರಾಗಿ:
ಎಲ್ಲ ಮತ್ತೆ ಮಾಡಿದೆ. ಕಚ್ಚಾ ಸಾರವನ್ನು 10 ಪಟ್ಟು ತೆಳು ಮಾಡಿ, ಹೊತ್ತು ಹೊತ್ತಿಗೆ ತೆಗೆದು ನೋಡಿದೆ. ಎಲ್ಲ ಟ್ಯೂಬಿಗೂ ಮೊದಲೇ ಸ್ವಲ್ಪ ಮಾಲ್ಟೋಸ್ ಹಾಕಿದ್ದೆ, ಗೆರೆ ಚೆನ್ನಾಗಿ ನೇರ ಬಂತು. ಅದರ ಪ್ರಕಾರ ಕಚ್ಚಾ ಸಾರ ಮಿ.ಲೀ.ಗೆ 1.15 ಯೂನಿಟ್, ಒಟ್ಟು ಸುಮಾರು 52. ಡಯಾಲಿಸಿಸ್ ನಂತರದ್ದು ಬದಲಾಗಲಿಲ್ಲ, 37. ಇಳುವರಿ ಶೇ 71.

ಎರಡೂ ಸೇರಿಸಿದ ಟ್ಯೂಬ್ ಮೊತ್ತಕ್ಕೆ ಶೇ 4ರಷ್ಟೇ ವ್ಯತ್ಯಾಸದಲ್ಲಿ ಬಂತು. ತಡೆ ಏನೂ ಇದ್ದಂತಿಲ್ಲ.

ಪ್ರೋಟೀನ್ ಕಥೆ ಕೇಳಿ. ಕಚ್ಚಾ ಸಾರ ನೇರವಾಗಿ ಲೌರಿ ಮಾಡಿದರೆ ಮಿ.ಲೀ.ಗೆ 4.0 ಮಿ.ಗ್ರಾಂ. ಬ್ರಾಡ್‌ಫರ್ಡ್ 1.1. ಟಿಸಿಎ ಹಾಕಿ ಇಳಿಸಿ ಲೌರಿ ಮಾಡಿದರೆ 1.3. ಡಯಾಲಿಸಿಸ್ ಆದದ್ದಕ್ಕೆ ಮೂರೂ ವಿಧಾನದಲ್ಲಿ 1.5, 1.6ರ ಹತ್ತಿರವೇ. ಟಿಸಿಎ ಸಂಖ್ಯೆ ತಗೊಂಡರೆ ಕಚ್ಚಾ ಸಾರದಲ್ಲಿ ಪ್ರೋಟೀನ್ 58.5 ಮಿ.ಗ್ರಾಂ, ಮಿ.ಗ್ರಾಂಗೆ 0.89 ಯೂನಿಟ್. ಶುದ್ಧ ಮಾಡಿದ್ದರಲ್ಲಿ 3.85. ಶುದ್ಧಿ 4.3 ಪಟ್ಟು. 25 ಪಟ್ಟು ಹೋಯಿತು.

ಧಾರವಾಡದಣ್ಣ:
ಹೋದ್ರ ಹೋಗ್ಲಿ ಬಿಡು. 4 ಪಟ್ಟು ಅಂದ್ರ ಯಾರೂ ಬೆರಳು ತೋರಸೂದಿಲ್ಲ. ಲೌರಿ 4.0 ತೋರಿಸಿದ್ದನ್ನೂ ಟೇಬಲಿನಾಗ ಇಡು, ತಗೀಬ್ಯಾಡ. ಕಂದು ರಾಗಿ ಹಿಡದವರಿಗೆ ಅದ ದೊಡ್ಡ ಉಪಕಾರ.

ಕುಡ್ಲದ_ಬೆಂಚು:
ಬ್ರಾಡ್‌ಫರ್ಡ್ 1.1, ಟಿಸಿಎ 1.3. ನಾನು ಗೆದ್ದೆ ಅಂತ ಹೇಳುವುದಿಲ್ಲ, ಆದರೆ.

ಧಾರವಾಡದಣ್ಣ:
ಡ್ರಾ ಅಂತ ಬರಕೋರಿ.

ಗಾಟಿಂಗನ್_ಹುಡುಗ:
ಇದು ಆಲ್ಫಾ ಅಮೈಲೇಸೋ ಬೀಟಾ ಅಮೈಲೇಸೋ ಅಂತ ವರದಿಯಲ್ಲಿ ಏನು ಬರೆಯುತ್ತೀರಿ? ಡಿಎನ್‌ಎಸ್ ಎರಡನ್ನೂ ಒಟ್ಟಿಗೆ ಅಳೆಯುತ್ತದೆ. ಬಾರ್ಲಿ ಮಾಲ್ಟಿನಲ್ಲಿ ಕ್ಯಾಲ್ಸಿಯಂ ಹಾಕಿ 70 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬೀಟಾ ಸಾಯುತ್ತದೆ, ಆಲ್ಫಾ ಉಳಿಯುತ್ತದೆ. ರಾಗಿಯಲ್ಲಿ ನೀವೇ ನೋಡಿ. ಜೊತೆಗೆ ಅಯೋಡಿನ್ ಪರೀಕ್ಷೆ ಇಡಿ. ಆಲ್ಫಾ ಸರಪಳಿಯ ನಡುವೆ ಕತ್ತರಿಸುವುದರಿಂದ ನೀಲಿ ಬೇಗ ಹೋಗುತ್ತದೆ, ಬೀಟಾ ತುದಿಯಿಂದ ಎರಡೆರಡೇ ಕೀಳುವುದರಿಂದ ಸಕ್ಕರೆ ಏರಿದರೂ ನೀಲಿ ಬಹಳ ಹೊತ್ತು ಉಳಿಯುತ್ತದೆ.

ಮೊಳಕೆರಾಗಿ:
ಅದು ಇಲ್ಲದಿದ್ದರೆ "ಒಟ್ಟು ಅಮೈಲೇಸ್ ಚಟುವಟಿಕೆ" ಅಂತಲೇ ಬರೆಯುತ್ತೇನೆ. ಅಯೋಡಿನ್ ಲ್ಯಾಬಿನಲ್ಲಿದೆ, ಮಾಡಿ ನೋಡುತ್ತೇನೆ.

ದಾವಣಗೆರೆ_ಲ್ಯಾಬ್:
ಮೇಡಂ, ಒಂದು ಸಣ್ಣ ವಿಷಯ. ಸ್ಟ್ಯಾಂಡರ್ಡಿಗೆ ತೂಗಿದ ಮಾಲ್ಟೋಸ್ ಬಾಟಲಿಯ ಮೇಲೆ ಮೊನೊಹೈಡ್ರೇಟ್ (ಒಂದು ನೀರಿನ ಅಣು ಸೇರಿದ್ದು) ಅಂತ ಇದೆಯಾ ನೋಡಿ. ನೀವು ಅಣುತೂಕ 342ರಿಂದ ಭಾಗಿಸಿದ್ದೀರಿ. ಮೊನೊಹೈಡ್ರೇಟ್ ಆದರೆ 360.

ಮೊಳಕೆರಾಗಿ:
ನೋಡಿದೆ. ಮೊನೊಹೈಡ್ರೇಟೇ. ಇಳುವರಿ, ಪಟ್ಟು ಎರಡೂ ಹಾಗೇ ಉಳಿಯುತ್ತವೆ, ಯೂನಿಟ್ ಮಾತ್ರ ಎಲ್ಲವೂ ಶೇ 5 ಇಳಿಯುತ್ತವೆ: 52 ಇದ್ದದ್ದು 49, 37 ಇದ್ದದ್ದು 35. ಟೇಬಲ್ ತಿದ್ದಿ ನಾಳೆ ಗೈಡ್‌ಗೆ ಕೊಡುತ್ತಿದ್ದೇನೆ, ಟ್ಯೂಬ್ ಟ್ಯೂಬಿನ ಓಡಿ ಓದುಗಳನ್ನೂ ಹಿಂದೆ ಲಗತ್ತಿಸಿ.